ಮೂಗು ತಗ್ಗಿಗೆ, ಬಾಗಿಲು ಏರಿಗೆ: ಒಂದು ಮೋಟಾರ್‌ಹೋಮ್‌ಗೆ ಆಟೋ ಲೆವೆಲಿಂಗ್ ಹಾಕಿಸಿದ ಪ್ರಕರಣ

ಹಿನ್ನೆಲೆ

ಇದು ಇಂಗ್ಲೆಂಡಿನ ಮಿಡ್‌ಲ್ಯಾಂಡ್ಸ್ ಭಾಗದಲ್ಲಿ ನೆಲೆಸಿರುವ ಒಂದು ಕನ್ನಡ ಕುಟುಂಬದ ಪ್ರಕರಣ. ಮೋಟಾರ್‌ಹೋಮ್ ಅಂದರೆ ಒಳಗೇ ಅಡುಗೆ ಮಾಡಿ ಮಲಗಬಹುದಾದ ಗಾಡಿ. ಆಟೋ ಲೆವೆಲಿಂಗ್ ಅಂದರೆ ಓರೆ ನಿಂತ ಗಾಡಿಯನ್ನು ತಾನಾಗಿ ಸಮಕ್ಕೆ ತರುವ ವ್ಯವಸ್ಥೆ. ಹೆಸರು, ಊರು, ಕೆಲಸ ಮಾಡಿದ ವರ್ಕ್‌ಶಾಪ್, ಹಾಕಿಸಿದ ಕಂಪನಿ ಯಾವುದನ್ನೂ ಇಲ್ಲಿ ಹೇಳುವುದಿಲ್ಲ. ಗಾಡಿಯ ಯಜಮಾನರನ್ನು ರಾಯರು ಎಂದು ಕರೆಯೋಣ. ನಾನು ಅವರ ಪರಿಚಯಸ್ಥ, ಮೆಕ್ಯಾನಿಕಲ್ ಕೆಲಸದವನು. ಗಾಡಿ ತೂಗಿಸಲು ಜೊತೆಗೆ ಹೋಗಿದ್ದೆ, ಆಮೇಲೆ ಲೆಕ್ಕ ಹಾಕಲು ಕೂತಿದ್ದೆ. ಉಳಿದದ್ದನ್ನು ಅವರೇ ಹೇಳಿದ್ದು. ಬೇರೆಯವರಿಗೆ ಉಪಯೋಗವಾಗಲಿ ಎಂದು ಅವರು ಒಪ್ಪಿದ ಮೇಲೆ ಬರೆಯುತ್ತಿದ್ದೇನೆ.

ಗಾಡಿ ಫಿಯೆಟ್ ಡುಕಾಟೋ ಎಂಬ ವ್ಯಾನಿನ ಮೇಲೆ ಕಟ್ಟಿದ್ದು. ಉದ್ದ ಸುಮಾರು 7 ಮೀಟರ್. ಹಿಂದೆ ಖಾಯಂ ಮಂಚ, ನಡುವೆ ಅಡುಗೆ ಕಟ್ಟೆ, ಬಚ್ಚಲು. ಒಟ್ಟು ತೂಕದ ಮಿತಿ 3,500 ಕಿಲೋ. ಈ ಅಂಕಿ ಮುಂದೆ ಕಥೆಯನ್ನೇ ತಿರುಗಿಸುತ್ತದೆ, ನೆನಪಿಡಿ. ಭಾರತದ ಲೈಸೆನ್ಸ್ ಇಟ್ಟುಕೊಂಡು ಬ್ರಿಟನ್ನಿನಲ್ಲಿ 12 ತಿಂಗಳು ಓಡಿಸಬಹುದು. ಆಮೇಲೆ ಅಲ್ಲಿಯದೇ ಪರೀಕ್ಷೆ ಪಾಸು ಮಾಡಬೇಕು. 1997ರ ಜನವರಿ 1ರಿಂದ ಈಚೆಗೆ ಕಾರಿನ ಪರೀಕ್ಷೆ ಪಾಸಾದವರಿಗೆ ಇಂಥ ಡೀಸೆಲ್ ಗಾಡಿಯಲ್ಲಿ 3,500 ಕಿಲೋವರೆಗೆ ಮಾತ್ರ ಅನುಮತಿ. ಅದಕ್ಕಿಂತ ಭಾರದ್ದು ಬೇಕಾದರೆ ಸಿ1 ಎಂಬ ಇನ್ನೊಂದು ಪರೀಕ್ಷೆ ಕೊಡಬೇಕು. ನಮ್ಮವರಲ್ಲಿ ಹೆಚ್ಚಿನವರು 1997ರ ನಂತರ ಹೋದವರೇ. ರಾಯರೂ ಹಾಗೆಯೇ.

ಬೇಸಿಗೆಯಲ್ಲಿ ಹಾಸನದಿಂದ ಅವರ ಅಮ್ಮ ಬಂದು ಉಳಿಯುತ್ತಾರೆ. ವಯಸ್ಸು ಎಪ್ಪತ್ತು ದಾಟಿದೆ, ಮಂಡಿ ನೋವು ಇದೆ. ಹೋಟೆಲಿನ ಊಟ ಆಗುವುದಿಲ್ಲ, ತಮ್ಮ ಅಡುಗೆ ತಾವೇ ಆಗಬೇಕು. ಮೋಟಾರ್‌ಹೋಮ್ ತೆಗೆದುಕೊಂಡದ್ದೇ ಅವರನ್ನು ಊರೂರು ತೋರಿಸಲು ಅಂತ.

ಸಮಸ್ಯೆ

ಲೇಕ್ ಡಿಸ್ಟ್ರಿಕ್ಟ್, ವೇಲ್ಸ್, ಸ್ಕಾಟ್ಲೆಂಡಿನ ಮೇಲ್ಭಾಗ, ಎಲ್ಲಿ ಹೋದರೂ ಗಾಡಿ ನಿಲ್ಲಿಸುವ ಜಾಗ ಸಮತಟ್ಟಾಗಿ ಸಿಗುವುದು ಅಪರೂಪ. ದೊಡ್ಡ ಸೈಟುಗಳಲ್ಲಿ, ಅಂದರೆ ಇಂಥ ಗಾಡಿಗಳು ತಂಗುವ ತಾಣಗಳಲ್ಲಿ, ಜಲ್ಲಿ ಹಾಕಿದ ಗಟ್ಟಿ ಜಾಗ ಇರುತ್ತದೆ. ಆದರೆ ಇವರಿಗೆ ಇಷ್ಟ ಐದೇ ಗಾಡಿಗಳಿಗೆ ಅವಕಾಶ ಇರುವ ಸಣ್ಣ ಫಾರ್ಮ್ ಸೈಟುಗಳು. ಅಲ್ಲಿ ಹುಲ್ಲು, ಇಳಿಜಾರು ಎರಡೂ ಗ್ಯಾರಂಟಿ.

ಗಾಡಿ ಓರೆಯಾಗಿ ನಿಂತರೆ ಏನಾಗುತ್ತದೆ? ರಾತ್ರಿ ತಲೆ ಕೆಳಗೆ, ಕಾಲು ಮೇಲೆ. "ರಕ್ತ ಎಲ್ಲಾ ತಲೆಗೆ ಇಳಿದ ಹಾಗೆ ಆಗುತ್ತೆ ಕಣೋ" ಅಂತ ಅಮ್ಮ ಬೆಳಗ್ಗೆ ಹೇಳುವುದು. ಬಚ್ಚಲಲ್ಲಿ ನೀರು ತೂತಿನ ಕಡೆ ಹೋಗದೆ ಇನ್ನೊಂದು ಮೂಲೆಯಲ್ಲಿ ನಿಲ್ಲುತ್ತದೆ. ದೋಸೆ ಹಿಟ್ಟು ಕಾವಲಿಯ ಒಂದು ಬದಿಗೆ ಹರಿಯುತ್ತದೆ. ಬಾಗಿಲುಗಳು ತಾವಾಗಿ ತೆರೆದುಕೊಳ್ಳುತ್ತವೆ.

ಇವೆಲ್ಲ ಬರೀ ಕಿರಿಕಿರಿ. ಫ್ರಿಜ್ಜಿನದ್ದು ಮಾತ್ರ ನಿಜವಾದ ಹಾನಿ. ಗ್ಯಾಸಿನಲ್ಲೂ ಕರೆಂಟಿನಲ್ಲೂ ನಡೆಯುವ ಆ ಅಬ್ಸಾರ್ಪ್ಷನ್ ಫ್ರಿಜ್ಜಿನಲ್ಲಿ ಕಂಪ್ರೆಸರ್ ಇರುವುದಿಲ್ಲ. ಅಮೋನಿಯಾ ಮತ್ತು ನೀರಿನ ದ್ರಾವಣವನ್ನು ಕೆಳಗೆ ಕಾಯಿಸುತ್ತಾರೆ, ಆವಿ ಮೇಲೇರುತ್ತದೆ, ಮತ್ತೆ ದ್ರವವಾಗಿ ಕೊಳವೆಗಳಲ್ಲಿ ತನ್ನ ಭಾರಕ್ಕೆ ತಾನೇ ಇಳಿದು ಬರುತ್ತದೆ. ತಳ್ಳುವ ಪಂಪು ಇಲ್ಲ. ಗಾಡಿ ಜಾಸ್ತಿ ಓರೆ ನಿಂತರೆ ಆ ಇಳಿತ ನಿಲ್ಲುತ್ತದೆ. ಫ್ರಿಜ್ ತಣ್ಣಗಾಗುವುದಿಲ್ಲ. ಹಾಗೆಯೇ ಬಿಸಿಯಾಗುತ್ತಾ ಇರಲು ಬಿಟ್ಟರೆ ಒಳಗಿನ ಕೊಳವೆಗಳೇ ಹಾಳಾಗಬಹುದು. ರಾಯರ ಫ್ರಿಜ್ಜಿನ ಕೈಪಿಡಿಯಲ್ಲಿ 3 ಡಿಗ್ರಿ ದಾಟಬೇಡಿ ಎಂದಿತ್ತು. ಓಡುವಾಗ ಪರವಾಗಿಲ್ಲ, ಕುಲುಕಾಟದಲ್ಲಿ ದ್ರವ ಹೇಗೋ ಸರಿದಾಡುತ್ತದೆ. ನಿಂತಾಗಲೇ ತೊಂದರೆ.

3 ಡಿಗ್ರಿ ಅಂದರೆ ಕಣ್ಣಿಗೆ ಏನೂ ಅಲ್ಲ ಅನ್ನಿಸುತ್ತದೆ. ಲೆಕ್ಕ ಹಾಕಿ ನೋಡಿ. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಸುಮಾರು 4 ಮೀಟರ್ ದೂರ. ಅಷ್ಟು ಉದ್ದಕ್ಕೆ 1 ಡಿಗ್ರಿ ಅಂದರೆ 7 ಸೆಂಟಿಮೀಟರ್ ಎತ್ತರದ ವ್ಯತ್ಯಾಸ. 3 ಡಿಗ್ರಿ ಅಂದರೆ 21 ಸೆಂಟಿಮೀಟರ್. ಅಡ್ಡಕ್ಕೆ, ಎಡ ಬಲ ಚಕ್ರಗಳ ನಡುವೆ, 3 ಡಿಗ್ರಿಗೆ 10 ಸೆಂಟಿಮೀಟರ್. ಚಕ್ರ ಹತ್ತಿಸಿ ನಿಲ್ಲಿಸುವ ಪ್ಲಾಸ್ಟಿಕ್ ಮೆಟ್ಟಿಲು ದಿಂಡುಗಳು, ಅಂದರೆ ರ‍್ಯಾಂಪ್‌ಗಳು, ಸಾಮಾನ್ಯವಾಗಿ ಎತ್ತುವುದು 10-12 ಸೆಂಟಿಮೀಟರ್. ಅಡ್ಡ ಓರೆಗೆ ಸಾಕು, ಉದ್ದದ ಓರೆಗೆ ಸಾಲದು. ಎರಡೂ ಒಟ್ಟಿಗೆ ಬಂದರೆ ಒಂದೊಂದು ಚಕ್ರಕ್ಕೆ ಒಂದೊಂದು ಎತ್ತರ ಬೇಕು.

ರಾಯರು ಗೇರ್ ಹಾಕಿ ಇಂಚಿಂಚು ಹತ್ತಿಸುವುದು, ಅವರ ಮನೆಯವರು ಮಳೆಯಲ್ಲಿ ಬಗ್ಗಿ ರ‍್ಯಾಂಪ್ ಸರಿಸುವುದು, "ಇನ್ನೂ ಸ್ವಲ್ಪ, ನಿಲ್ಸಿ ನಿಲ್ಸಿ!" ಅನ್ನುವುದು. ಒಮ್ಮೆ ಚಕ್ರ ತುದಿ ದಾಟಿ ಆಚೆ ಬಿದ್ದು ಒಳಗಿದ್ದ ಅಮ್ಮನ ಕೈಗೆ ಪೆಟ್ಟಾಯಿತು. ಇನ್ನು ಸಾಕು ಅಂತ ಅಂದೇ ಇಬ್ಬರೂ ತೀರ್ಮಾನಿಸಿದರು.

ಮುಂದಿದ್ದ ದಾರಿಗಳು

ಗಾಡಿಯ ಹಿಂದಿನ ಮೂಲೆಗಳಲ್ಲಿ ಕೈಯಿಂದ ತಿರುಗಿಸಿ ಇಳಿಸುವ ಕಾಲುಗಳು ಇರುತ್ತವಲ್ಲ, ಅವುಗಳಿಂದ ಎತ್ತಬಹುದು ಎಂದು ಕೆಲವರು ತಿಳಿಯುತ್ತಾರೆ. ಅವು ಅಲುಗಾಟ ತಡೆಯಲು ಮಾತ್ರ. ಎತ್ತಲು ಹೋದರೆ ಬಾಗುತ್ತವೆ. ಹಿಂದಿನ ಆಕ್ಸಲ್‌ಗೆ, ಅಂದರೆ ಹಿಂದಿನ ಚಕ್ರಗಳ ಅಚ್ಚಿಗೆ, ಗಾಳಿ ಚೀಲ ಹಾಕಿಸುವುದು ಇನ್ನೊಂದು ದಾರಿ. ಓಡಿಸಲು ಹಿತ, ಆದರೆ ಎತ್ತುವುದು ಕೆಲವೇ ಸೆಂಟಿಮೀಟರ್, ಅದೂ ಹಿಂದೆ ಮಾತ್ರ. ನಾಲ್ಕೂ ಚಕ್ರಕ್ಕೆ ಏರ್ ಸಸ್ಪೆನ್ಷನ್ ಹಾಕಿಸಿದರೂ ಇಂಥ ಹೊಲದ ಇಳಿಜಾರಿಗೆ ಸಾಲದು ಅನ್ನಿಸಿತು.

ಉಳಿದದ್ದು ನಾಲ್ಕು ಕಾಲಿನ ಹೈಡ್ರಾಲಿಕ್ ವ್ಯವಸ್ಥೆ. ಚಾಸಿಯ, ಅಂದರೆ ಗಾಡಿಯ ತಳದ ಚೌಕಟ್ಟಿನ, ನಾಲ್ಕು ಕಡೆ ಜಾಕ್‌ಗಳು, ಒಂದು ವಿದ್ಯುತ್ ಪಂಪು, ಎಣ್ಣೆ ಡಬ್ಬಿ, ಓರೆ ಅಳೆಯುವ ಸೆನ್ಸರ್ ಇರುವ ಕಂಟ್ರೋಲ್ ಪೆಟ್ಟಿಗೆ. ಬಟನ್ ಒತ್ತಿದರೆ ಕಾಲುಗಳು ಇಳಿದು ನೆಲ ಮುಟ್ಟಿ, ತಗ್ಗಿರುವ ಕಡೆ ಎತ್ತಿ, ಒಂದೆರಡು ನಿಮಿಷದಲ್ಲಿ ಗಾಡಿಯನ್ನು ಒಂದೇ ಮಟ್ಟಕ್ಕೆ ತರುತ್ತವೆ. ಖರ್ಚು ಹಲವು ಸಾವಿರ ಪೌಂಡ್. ರಾಯರು ದುಡ್ಡಿಗೆ ಮನಸ್ಸು ಗಟ್ಟಿ ಮಾಡಿಕೊಂಡಿದ್ದರು. ಅಡ್ಡ ಬಂದದ್ದು ದುಡ್ಡಲ್ಲ.

ತೂಕ

ಕೊಟೇಶನ್ ಕಾಗದದಲ್ಲಿ ವ್ಯವಸ್ಥೆಯ ತೂಕ ಸುಮಾರು 65 ಕಿಲೋ ಎಂದು ಬರೆದಿತ್ತು. ಮುಂಗಡ ಕೊಡುವ ಮುಂಚೆ ಗಾಡಿ ತೂಗಿಸೋಣ ಎಂದು ನಾವು ಹತ್ತಿರದ ವೇಬ್ರಿಡ್ಜ್‌ಗೆ ಹೋದೆವು. ಖಾಲಿ ಗಾಡಿಯಲ್ಲ, ಪ್ರವಾಸಕ್ಕೆ ಹೊರಟ ಹಾಗೆಯೇ: ಟ್ಯಾಂಕ್ ತುಂಬಾ ನೀರು, ಡೀಸೆಲ್, ಗ್ಯಾಸ್ ಸಿಲಿಂಡರ್, ಅಕ್ಕಿ ಬೇಳೆ, ಬಟ್ಟೆ, ಸೈಕಲ್, ಮನೆಯವರು ಮೂವರೂ ಒಳಗೆ. ಮೊದಲು ಪೂರ್ತಿ ಗಾಡಿ, ಆಮೇಲೆ ಹಿಂದಿನ ಆಕ್ಸಲ್ ಮಾತ್ರ ತೂಗಿಸಿದೆವು.

ಚೀಟಿ ಬಂತು. ಒಟ್ಟು 3,450. ಹಿಂದಿನ ಆಕ್ಸಲ್ 1,960. ಆ ಆಕ್ಸಲ್‌ನ ಮಿತಿ 2,000. ರಾಯರು ಚೀಟಿಯನ್ನು ಬಾನೆಟ್ ಮೇಲೆ ಇಟ್ಟು ಪೆನ್ನಿನಲ್ಲಿ 65 ಕೂಡಿಸಿದರು. 3,515. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

15 ಕಿಲೋ ಅಷ್ಟೇ ತಾನೇ ಅನ್ನಬಹುದು. ಮಿತಿ ದಾಟಿದ ಗಾಡಿಯನ್ನು ದಾರಿಯಲ್ಲಿ ತಡೆದು ತೂಗಿಸಿ ದಂಡ ಹಾಕಬಹುದು. ಅಪಘಾತವಾದರೆ ವಿಮೆಯವರು ಕೇಳುವ ಪ್ರಶ್ನೆಗೆ ಉತ್ತರ ಇರುವುದಿಲ್ಲ. ಎಲ್ಲಕ್ಕಿಂತ ಮೊದಲು ಟೈರು ಮತ್ತು ಬ್ರೇಕಿನ ಪ್ರಶ್ನೆ. ಕಾಗದದಲ್ಲಿ ಮಿತಿಯನ್ನು 3,650ಕ್ಕೋ 3,850ಕ್ಕೋ ಏರಿಸಿಕೊಳ್ಳುವ ದಾರಿ ಕೆಲವು ಗಾಡಿಗಳಿಗೆ ಇದೆ. ಆದರೆ ಆಗ ಸಿ1 ಬೇಕು. ರಾಯರು ಐವತ್ತರ ಆಸುಪಾಸಿನವರು. ಸಿ1ಗೆ ವೈದ್ಯಕೀಯ ತಪಾಸಣೆ, ಪರೀಕ್ಷೆ ಎಲ್ಲ ಇದೆ. ಆ ದಾರಿ ಬೇಡ ಎಂದರು. ಹಾಗಾದರೆ ತೂಕ ಇಳಿಸಲೇಬೇಕು.

ಇಲ್ಲಿ ಅವರು ಮಾಡಿದ ಕೆಲಸ ನನಗೆ ತುಂಬಾ ಹಿಡಿಸಿತು. ಗಾಡಿಯೊಳಗಿನ ಪ್ರತಿ ಸಾಮಾನನ್ನೂ ಹೊರಗೆ ತೆಗೆದು, ಸ್ನಾನದ ಮನೆಯ ತೂಕದ ಯಂತ್ರದ ಮೇಲೆ ಇಟ್ಟು ಬರೆದರು. ನೀರು ಮೊದಲು ಕಣ್ಣಿಗೆ ಬಿತ್ತು. ತುಂಬಿದ ಟ್ಯಾಂಕ್ ಅಂದರೆ 100 ಕಿಲೋ. ಸೈಟಿನಲ್ಲಿ ನಲ್ಲಿ ಇರುವಾಗ ದಾರಿಯುದ್ದಕ್ಕೂ ಹೊರುವುದು ಯಾಕೆ? 25 ಲೀಟರ್ ಸಾಕು. ರ‍್ಯಾಂಪ್‌ಗಳು ಇನ್ನು ಬೇಡ. ಹಗಲು ಬಿಡಿಸುವ ಟೆಂಟು 15 ಕಿಲೋ, ಅದೂ ಬೇಡ. ಹಿಂದಿನ ಸೈಕಲ್‌ಗಳು ಮತ್ತು ಅವುಗಳ ರ‍್ಯಾಕ್ ಸೇರಿ 38 ಕಿಲೋ. ಅವು ಹಿಂದಿನ ಆಕ್ಸಲ್‌ನ ಆಚೆ ತೂಗುವುದರಿಂದ ಸನ್ನೆಯ ಹಾಗೆ ಕೆಲಸ ಮಾಡಿ, ಮುಂದಿನ ಚಕ್ರವನ್ನು ಹಗುರ ಮಾಡಿ, ತಮ್ಮ ತೂಕಕ್ಕಿಂತ ಹೆಚ್ಚನ್ನೇ ಹಿಂದಿನ ಆಕ್ಸಲ್ ಮೇಲೆ ಹೇರುತ್ತವೆ. ಅವೂ ಹೋದವು.

ಕೊನೆಗೆ ಉಳಿದದ್ದು ಅಮ್ಮನ ಟೇಬಲ್ ಟಾಪ್ ಗ್ರೈಂಡರ್, 11 ಕಿಲೋ. ಮಗ ಸೊಸೆ ಇಬ್ಬರಿಗೂ ಹೇಳಲು ಬಾಯಿ ಬರಲಿಲ್ಲ. ಅಮ್ಮನೇ ಅಂದರು: "ಹಿಟ್ಟು ಮನೇಲೇ ರುಬ್ಕೊಂಡು ಡಬ್ಬೀಲಿ ತರೋಣ ಬಿಡು. ಕಲ್ಲು ಹೊತ್ಕೊಂಡು ತಿರುಗೋದು ಯಾಕೆ?" ಅಲ್ಲಿಗೆ ತೀರ್ಮಾನ ಆಯಿತು.

ವ್ಯವಸ್ಥೆ ಹಾಕಿಸಿದ ಮೇಲೆ ಮತ್ತೆ ತೂಗಿಸಿದಾಗ ಒಟ್ಟು 3,380 ಬಂತು. ಹಿಂದಿನ ಆಕ್ಸಲ್ 1,900ರ ಕೆಳಗೆ.

ಹಾಕಿಸಿದ್ದು, ಮತ್ತು ಮಟ್ಟದ ಗೊಂದಲ

ವರ್ಕ್‌ಶಾಪ್ ಆರಿಸುವಾಗ ರಾಯರು ಕೇಳಿದ ಮುಖ್ಯ ಪ್ರಶ್ನೆ, ಬ್ರಾಕೆಟ್ ಹೇಗೆ ಕೂರಿಸುತ್ತೀರಿ ಎನ್ನುವುದು. ಚಾಸಿ ತಯಾರಕರು ಎಲ್ಲೆಂದರಲ್ಲಿ ತೂತು ಕೊರೆಯಲು, ವೆಲ್ಡ್ ಮಾಡಲು ಬಿಡುವುದಿಲ್ಲ. ಅವರ ಗಾಡಿಗೆಂದೇ ಮಾಡಿದ, ಬೋಲ್ಟಿನಲ್ಲಿ ಬಿಗಿಯುವ ಬ್ರಾಕೆಟ್ ಇರುವುದನ್ನು ನೋಡಿಯೇ ಒಪ್ಪಿದರು. ಗಾಡಿಯಲ್ಲಿ ಬದಲಾವಣೆ ಮಾಡಿದ್ದನ್ನು ವಿಮೆ ಕಂಪನಿಗೆ ಬರೆದು ತಿಳಿಸಿ ಉತ್ತರ ತರಿಸಿಕೊಂಡರು.

ಬ್ಯಾಟರಿಯ ವಿಷಯವೂ ಬಂತು. ಪಂಪು ಎತ್ತುವಾಗ 100 ಆಂಪಿಯರ್ ದಾಟಿ ಎಳೆಯಬಲ್ಲದು. ಮನೆ ಭಾಗಕ್ಕೆ ಅವರು ಹಾಕಿದ್ದ ಲಿಥಿಯಂ ಬ್ಯಾಟರಿಯ ಒಳಗಿನ ರಕ್ಷಣಾ ಸರ್ಕ್ಯೂಟಿನ ಮಿತಿ 100 ಆಂಪಿಯರ್. ಅದಕ್ಕೆ ಕೊಟ್ಟಿದ್ದರೆ ನಡುವೆಯೇ ಕಟ್ ಆಗುತ್ತಿತ್ತು. ಹಾಗಾಗಿ ಇಂಜಿನ್ ಬ್ಯಾಟರಿಗೆ, ದಪ್ಪ ಕೇಬಲ್ ಮತ್ತು ಸರಿಯಾದ ಫ್ಯೂಸ್ ಹಾಕಿ ಜೋಡಿಸಿದರು.

ಮನೆಗೆ ತಂದ ಮೇಲೆ ಮೊದಲ ದೂರು ಅಮ್ಮನದೇ. "ನಿನ್ನ ಮಿಷನ್ನು ಹಸಿರು ಲೈಟು ತೋರಿಸ್ತಿದೆ, ಬಚ್ಚಲಲ್ಲಿ ನೀರು ನಿಂತೇ ಇದೆ ನೋಡೋ." ರಾಯರು ರಸಮಟ್ಟ ತಂದು ಒಂದೊಂದೇ ಕಡೆ ಇಟ್ಟು ನೋಡಿದರು. ಡ್ರೈವರ್ ಸೀಟಿನ ಪಕ್ಕದ ನೆಲದಲ್ಲಿ ಗುಳ್ಳೆ ಸರಿಯಾಗಿ ನಡುವೆ. ಮನೆ ಭಾಗದ ನೆಲದಲ್ಲಿ ಸ್ವಲ್ಪ ಸರಿದಿತ್ತು. ಅಡುಗೆ ಕಟ್ಟೆಯ ಮೇಲೆ ಇನ್ನೂ ಬೇರೆ. ಅಂದರೆ ವರ್ಕ್‌ಶಾಪಿನವರು ಯಂತ್ರಕ್ಕೆ "ಇದೇ ಸಮ" ಎಂದು ಕಲಿಸಿದ್ದು ಮುಂದಿನ ಭಾಗವನ್ನು ನೋಡಿ. ಯಂತ್ರ ಸುಳ್ಳು ಹೇಳುತ್ತಿರಲಿಲ್ಲ. ಅದಕ್ಕೆ ಹೇಳಿಕೊಟ್ಟ ಜಾಗವೇ ಬೇರೆ.

ಸಮ ಎಂದು ಯಾವುದನ್ನು ಒಪ್ಪಬೇಕು? ಇದನ್ನು ಬಹಳ ಜನ ಯೋಚಿಸುವುದೇ ಇಲ್ಲ. ಈ ಗಾಡಿಯ ಬಚ್ಚಲಿಗೆ ಒಂದೇ ತೂತು, ಅದೂ ಮೂಲೆಯಲ್ಲಿ. ನೆಲ ಪೂರ್ತಿ ಸಮ ಇದ್ದರೂ ನೀರು ನಿಲ್ಲುತ್ತದೆ. ಆದ್ದರಿಂದ ಮನೆ ಭಾಗದ ನೆಲವನ್ನು ಆಧಾರವಾಗಿ ಇಟ್ಟುಕೊಂಡು, ತೂತಿನ ಕಡೆಗೆ ಅರ್ಧ ಡಿಗ್ರಿ ಇಳಿಜಾರು ಕೊಟ್ಟು, ಅದನ್ನೇ ಸೊನ್ನೆ ಎಂದು ಮತ್ತೆ ಸೆಟ್ ಮಾಡಿಸಿದರು. ಅರ್ಧ ಡಿಗ್ರಿ ಮಲಗಿದವರಿಗೆ ಗೊತ್ತಾಗುವುದಿಲ್ಲ, ಫ್ರಿಜ್ಜಿಗೂ ಏನೂ ಆಗುವುದಿಲ್ಲ. ಬಚ್ಚಲ ನೀರು ಮಾತ್ರ ಇಳಿದು ಹೋಯಿತು.

ಗಾಡಿ ಜಾರಿದ ದಿನ

ಇದು ಈ ಪ್ರಕರಣದ ದೊಡ್ಡ ತಿರುವು. ಜಾಗ ವೇಲ್ಸ್. ಮಳೆ ನಿಂತಿತ್ತು, ನೆಲ ಒದ್ದೆ. ಹಳೆಯ ಟಾರು ಹಾಕಿದ, ಚೆನ್ನಾಗಿಯೇ ಇಳಿಜಾರಿದ್ದ ಜಾಗ. ಮೂಗು ಏರಿನ ಕಡೆಗೆ ನಿಲ್ಲಿಸಿದರು, ಮುಂದಿನ ಗಾಜಿನಿಂದ ಬೆಟ್ಟ ಕಾಣಲಿ ಅಂತ. ಕಾಲುಗಳ ಕೆಳಗೆ ಪ್ಲಾಸ್ಟಿಕ್ ಹಲಗೆ ಇಟ್ಟು ಬಟನ್ ಒತ್ತಿದರು. ಅಮ್ಮ ಒಳಗೆ ಕೂತಿದ್ದರು.

ಹಿಂಭಾಗ ತಗ್ಗಿನಲ್ಲಿತ್ತು. ಯಂತ್ರ ತನ್ನ ಕೆಲಸ ಮಾಡಿತು, ಹಿಂಭಾಗವನ್ನು ಎತ್ತುತ್ತಾ ಹೋಯಿತು. ಹಿಂದಿನ ಚಕ್ರಗಳು ನೆಲ ಬಿಡುತ್ತಿದ್ದ ಹಾಗೆ ಗಾಡಿ ಒಮ್ಮೆ ಹಿಂದಕ್ಕೆ ಜಾರಿತು. ಒಂದು ಗೇಣಿಗಿಂತ ಕಡಿಮೆ. ಹೊರಗೆ ನಿಂತಿದ್ದ ರಾಯರ ಮನೆಯವರು "ಇಳಿಸ್ರೀ, ಇಳಿಸ್ರೀ!" ಎಂದು ಕೂಗಿದರು. ರಾಯರು ಕಾಲು ಮಡಚುವ ಬಟನ್ ಒತ್ತಿದರು. ಚಕ್ರ ನೆಲ ಕಂಡಿತು, ಗಾಡಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಒಂದು ಹಲಗೆ ಸೀಳಿತ್ತು, ಒಂದು ಕಾಲಿನ ಪಾದ ಟಾರಿನ ಮೇಲೆ ಗೆರೆ ಎಳೆದಿತ್ತು.

ಕಾರಣ ಸರಳ. ಡುಕಾಟೋದ ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನ ಚಕ್ರಗಳನ್ನು ಮಾತ್ರ. ಆ ಚಕ್ರಗಳೇ ಗಾಳಿಯಲ್ಲಿದ್ದರೆ ಹ್ಯಾಂಡ್‌ಬ್ರೇಕ್ ಇದ್ದೂ ಇಲ್ಲ. ಗೇರಿನಲ್ಲಿ ಇಟ್ಟಿರಲಿಲ್ಲ, ಮುಂದಿನ ಚಕ್ರಗಳು ಉರುಳಲು ಸ್ವತಂತ್ರವಾಗಿದ್ದವು. ಮೂರು ಟನ್ನಿಗೂ ಮೀರಿದ ಗಾಡಿಯನ್ನು ಹಿಡಿದದ್ದು ಒದ್ದೆ ಟಾರಿನ ಮೇಲಿನ ನುಣುಪು ಹಲಗೆಗಳು ಮಾತ್ರ. ಹ್ಯಾಂಡ್‌ಬ್ರೇಕ್ ಎಳೆಯದೆ ಯಂತ್ರ ಕೆಲಸ ಮಾಡುವುದಿಲ್ಲ, ಅದು ನಿಜ. ಆದರೆ ಬ್ರೇಕ್ ಎಳೆದಿದೆಯೇ ಎಂದು ನೋಡುವುದಷ್ಟೇ ಅದಕ್ಕೆ ಗೊತ್ತು. ಬ್ರೇಕ್ ಹಿಡಿದ ಚಕ್ರ ನೆಲದ ಮೇಲಿದೆಯೇ ಎಂದು ಗೊತ್ತಿಲ್ಲ. ಇಳಿಜಾರಿನಲ್ಲಿ ಹಿಂದಿನ ಚಕ್ರ ನೆಲ ಬಿಡಬಾರದು ಎಂದು ಕೈಪಿಡಿಯಲ್ಲಿ ಬರೆದಿತ್ತು. ಗಾಡಿ ಒಪ್ಪಿಸುವಾಗ ವರ್ಕ್‌ಶಾಪಿನವರು ಬಟನ್ ತೋರಿಸಿದರು, ಇದನ್ನು ಹೇಳಲಿಲ್ಲ. ಯಾವ ವರ್ಕ್‌ಶಾಪೇ ಆಗಲಿ, ಮೊದಲು ಹೇಳಬೇಕಾದದ್ದು ಇದೇ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಮೂಗು ತಗ್ಗಿಗೆ, ಬಾಗಿಲು ಏರಿಗೆ

ಇದಾದ ಮೇಲೆ ನಿಲ್ಲಿಸುವ ಕ್ರಮವನ್ನೇ ಬದಲಿಸಿದರು. ಈಗ ಇಳಿಜಾರು ಕಂಡರೆ ಮೂಗು ತಗ್ಗಿನ ಕಡೆಗೆ. ಆಗ ಯಂತ್ರ ಎತ್ತುವುದು ಮುಂಭಾಗವನ್ನು. ಹಿಂದಿನ ಚಕ್ರಗಳು ನೆಲದ ಮೇಲೇ ಇರುತ್ತವೆ, ಹ್ಯಾಂಡ್‌ಬ್ರೇಕ್ ಹಿಡಿದಿರುತ್ತದೆ. ಬಟನ್ ಮುಟ್ಟುವ ಮೊದಲೇ ಹಿಂದಿನ ಚಕ್ರಗಳ ತಗ್ಗಿನ ಬದಿಗೆ ಮರದ ಅಡೆ ಕೊಡುತ್ತಾರೆ, ಗೇರಿನಲ್ಲೂ ಬಿಡುತ್ತಾರೆ. ಇನ್ನೊಂದು ಲಾಭವೂ ಸಿಕ್ಕಿತು. ಈ ಗಾಡಿಗೆ ಎಳೆಯುವ ಶಕ್ತಿ ಮುಂದಿನ ಚಕ್ರದಲ್ಲಿ. ಒದ್ದೆ ಹುಲ್ಲಿನಲ್ಲಿ ಏರಿಗೆ ಹೊರಡಲು ಹೋದರೆ ಚಕ್ರ ಸುಮ್ನೆ ತಿರುಗುತ್ತದೆ. ತಗ್ಗಿಗೆ ಮುಖ ಮಾಡಿ ನಿಂತಿದ್ದರೆ ತಾನಾಗಿ ಹೊರಬರುತ್ತದೆ. ಹೊರಹೋಗುವ ದಾರಿ ತಗ್ಗಿನ ಕಡೆಯೇ ಇರಬೇಕು ಅಷ್ಟೇ. ರಿವರ್ಸ್‌ನಲ್ಲಿಯೇ ಒಳಗೆ ತಂದು ನಿಲ್ಲಿಸಬೇಕೆಂಬ ನಿಯಮ ಇರುವ ಸೈಟುಗಳಿವೆ, ಅಲ್ಲಿ ಮೇಲ್ವಿಚಾರಕರನ್ನು ಕೇಳಿ ಬೇರೆ ಜಾಗ ತೆಗೆದುಕೊಳ್ಳುತ್ತಾರೆ.

ಬಾಗಿಲಿನ ಮಾತು ಅಮ್ಮನ ಮಂಡಿಯಿಂದ ಬಂತು. ಗಾಡಿ ಎತ್ತಿದಷ್ಟೂ ಮೆಟ್ಟಿಲು ಮೇಲೆ ಹೋಗುತ್ತದೆ. ತಗ್ಗಿನ ಬದಿಗೆ ಬಾಗಿಲು ಇದ್ದರೆ ಮೊದಲ ಮೆಟ್ಟಿಲಿಗೆ ಕಾಲೇ ಎಟುಕುವುದಿಲ್ಲ. ಯಾರ ಅನುಕೂಲಕ್ಕೆಂದು ಇದನ್ನೆಲ್ಲ ಹಾಕಿಸಿದರೋ ಅವರೇ ಇಳಿಯಲು ಹತ್ತಲು ಆಗದೆ ಒಳಗೆ ಕೂರುವ ಹಾಗಾಗಿತ್ತು. ಬಾಗಿಲು ಇರುವ ಎಡಬದಿಯನ್ನು ಏರಿನ ಕಡೆಗೆ ಇಟ್ಟರೆ ಆ ಬದಿ ಏಳುವುದು ಕಡಿಮೆ. ಜೊತೆಗೆ ಒಂದು ಅಗಲವಾದ ಮಡಚುವ ಮೆಟ್ಟಿಲು ಇಟ್ಟುಕೊಂಡರು. ಅದು 4 ಕಿಲೋ, ಪಟ್ಟಿಯಲ್ಲಿ ಬರೆದೇ ಸೇರಿಸಿದ್ದು.

ಹುಲ್ಲಿನ ಮೇಲೆ ಬೇರೆಯದೇ ಪಾಠ. ಜಾಕಿನ ಪಾದ 20 ಸೆಂಟಿಮೀಟರ್ ಅಗಲದ ವೃತ್ತ, ಅಂದರೆ 314 ಚದರ ಸೆಂಟಿಮೀಟರ್. ರಾತ್ರಿ ಮಳೆ ಬಂದಾಗ ಒಂದು ಪಾದ ಹೂತು ಗಾಡಿ ವಾಲಿತು. ಬೆಳಗ್ಗೆ ಕಾಲು ಮಡಚಿದರೂ ಜೇಡಿಮಣ್ಣು ಪಾದಕ್ಕೆ ಅಂಟಿಕೊಂಡು ಎಳೆಯುತ್ತಿತ್ತು, ಕಾಲು ಪೂರ್ತಿ ಮೇಲೆ ಹೋಗಲಿಲ್ಲ, ಎಚ್ಚರಿಕೆಯ ಸದ್ದು ನಿಲ್ಲಲಿಲ್ಲ. ಈಗ 40 ಸೆಂಟಿಮೀಟರ್ ಚೌಕದ ದಪ್ಪ ಪ್ಲೈವುಡ್ ತುಂಡುಗಳು ಇವೆ. 1,600 ಚದರ ಸೆಂಟಿಮೀಟರ್, ಐದು ಪಟ್ಟು ಜಾಸ್ತಿ ನೆಲ. ಒರಟು ಮುಖ ಕೆಳಗೆ ಬರುವ ಹಾಗೆ ಇಡುತ್ತಾರೆ. ಎತ್ತಿಡಲು ಒಂದೊಂದಕ್ಕೂ ಹಗ್ಗ ಕಟ್ಟಿದ್ದಾರೆ. ಮಡಚುವ ಮುಂಚೆ ಹೊಳೆಯುವ ಸರಳನ್ನು ಬಟ್ಟೆಯಲ್ಲಿ ಒರೆಸುತ್ತಾರೆ. ಗ್ರೀಸ್ ಹಚ್ಚುವುದಿಲ್ಲ, ಮಣ್ಣು ಮರಳು ಹಿಡಿದು ಸೀಲ್ ಹಾಳಾಗುತ್ತದೆ.

ಹಾಕಿಸುವವರು ಗಮನಿಸಬೇಕಾದ್ದು

ರಾಯರನ್ನು ಈಗ ಕೇಳಿದರೆ ದುಡ್ಡು ಸಾರ್ಥಕ ಎನ್ನುತ್ತಾರೆ. ಅಮ್ಮ ನೆಟ್ಟಗೆ ಮಲಗುತ್ತಾರೆ, ಫ್ರಿಜ್ಜಿನಲ್ಲಿ ಹಾಲು ಮೊಸರು ಉಳಿಯುತ್ತದೆ, ಮಳೆಯಲ್ಲಿ ಬಗ್ಗಿ ನಿಲ್ಲುವುದು ತಪ್ಪಿದೆ. ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಗಟ್ಟಿ ನೆಲದ ದೊಡ್ಡ ಸೈಟುಗಳಿಗೆ ಮಾತ್ರ ಹೋಗುವವರಿಗೆ ರ‍್ಯಾಂಪ್ ಸಾಕು. 3,500ರ ಗಾಡಿಯಲ್ಲಿ 65 ಕಿಲೋ ಸಣ್ಣ ಮಾತಲ್ಲ. ಇವರಿಗೆ ವಯಸ್ಸಾದವರು ಜೊತೆಗಿದ್ದರು, ಹೋಗುತ್ತಿದ್ದದ್ದು ಹೊಲಗಳಿಗೆ. ಅದಕ್ಕೇ ಇವರಿಗೆ ಸರಿಹೋಯಿತು.

ಹಾಕಿಸುವುದೇ ಆದರೆ ಮುಂಗಡ ಕೊಡುವ ಮೊದಲು ತುಂಬಿದ ಗಾಡಿ ತೂಗಿಸಿ, ಹಿಂದಿನ ಆಕ್ಸಲ್ ಬೇರೆಯಾಗಿ. ಸೊನ್ನೆ ಸೆಟ್ ಮಾಡುವಾಗ ನಿಮ್ಮದೇ ರಸಮಟ್ಟ ಹಿಡಿದು ಪಕ್ಕದಲ್ಲಿ ನಿಲ್ಲಿ. ಬಟನ್ ಒತ್ತುವಾಗ ಮನೆಯವರೆಲ್ಲ ಹೊರಗಿರಲಿ, ಒಬ್ಬರ ಕಣ್ಣು ಹಿಂದಿನ ಚಕ್ರದ ಮೇಲಿರಲಿ. ಕೈಯಾರೆ ನಡೆಸುವಾಗ ಒಂದೇ ಕಾಲನ್ನು ಒಂಟಿಯಾಗಿ ಎತ್ತಬೇಡಿ, ಜೋಡಿಯಾಗಿಯೇ ಎತ್ತಿ. ಒಂದು ಮೂಲೆ ಮಾತ್ರ ಎದ್ದರೆ ಚಾಸಿ ತಿರುಚಿ ಗೋಡೆಯ ಕೀಲುಗಳಿಗೆ, ಮುಂದಿನ ಗಾಜಿಗೆ ಪೆಟ್ಟು. ಜಾಕಿನ ಆಧಾರದಲ್ಲಿ ನಿಂತ ಗಾಡಿಯ ಕೆಳಗೆ ಯಾವ ಕಾರಣಕ್ಕೂ ನುಸುಳಬೇಡಿ.

ಪಂಪು ಕೆಟ್ಟರೆ ಅಥವಾ ಬ್ಯಾಟರಿ ಇಳಿದರೆ ಕಾಲುಗಳನ್ನು ಕೈಯಿಂದ ಮೇಲಕ್ಕೆ ತರುವ ವ್ಯವಸ್ಥೆ ಎಲ್ಲೋ ಒಂದು ಕಡೆ ಇರುತ್ತದೆ. ಕೆಲವದರಲ್ಲಿ ವಾಲ್ವ್ ಬಿಚ್ಚಬೇಕು, ಕೆಲವದರಲ್ಲಿ ಕೈ ಪಂಪು ಒತ್ತಬೇಕು. ಗಾಡಿ ಬಿಡಿಸಿಕೊಳ್ಳುವ ದಿನವೇ, ವರ್ಕ್‌ಶಾಪಿನ ಸಮ ನೆಲದ ಮೇಲೆ, ಅವರ ಎದುರಿಗೆ ನೀವೇ ಒಮ್ಮೆ ಮಾಡಿ ನೋಡಿ. ಅದಕ್ಕೆ ಬೇಕಾದ ಕೀಲಿ ಯಾವುದೋ ಅದನ್ನು ಅಂದೇ ಗಾಡಿಯಲ್ಲಿ ಇಟ್ಟುಕೊಳ್ಳಿ.